ಅತ್ತೆಯ ಬೈಕಿಗೆ ಕೊನೆಯ ಪಿಸ್ಟನ್

ನನ್ನ ಸೋದರಮಾವನಿಗೆ ಹೆತ್ತವರು ಇಟ್ಟ ಹೆಸರು ಕಾಗದಪತ್ರಗಳಲ್ಲಷ್ಟೇ ಉಳಿದಿದೆ. ಎಲ್ಲರ ಬಾಯಲ್ಲೂ ಅವನು ಥೌ ಮಾವ. ಒಂದು ಇಂಚನ್ನು ಸಾವಿರ ಹೋಳು ಮಾಡಿದರೆ ಅದರಲ್ಲೊಂದು ಹೋಳು ಒಂದು ಥೌ. ಹಳೇ ಬೈಕುಗಳ ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆದು, ಅಗಲವಾದ ಆ ತೂತಿಗೆ ಕೊಂಚ ದಪ್ಪ ಪಿಸ್ಟನ್ ಕೂರಿಸುವುದು ಅವನ ಕಸುಬು. ನಲವತ್ತು ವರ್ಷ ಅದನ್ನೇ ಮಾಡಿ ಮಾಡಿ ಅವನಿಗೆ ಲೋಕವೆಲ್ಲ ಥೌ ಲೆಕ್ಕದಲ್ಲೇ ಕಾಣುತ್ತದೆ. ಬಾಗಿಲು ಬಿಗಿಯಾದರೆ "ಹತ್ತು ಥೌ ಉಜ್ಜಬೇಕು" ಅನ್ನುತ್ತಾನೆ. ನನ್ನನ್ನು ನೋಡಲು ಬಂದ ಗಂಡನ್ನು ಮೇಲಿಂದ ಕೆಳಗೆ ಅಳೆದು, "ಹುಡುಗ ಒಳ್ಳೆಯವನೇ, ಎರಡು ಥೌ ಸಡಿಲ" ಅಂದಿದ್ದ. ಮದುವೆಯಾಗಿ ಹದಿನಾರು ವರ್ಷವಾಯಿತು, ಆ ಎರಡು ಥೌ ಹಾಗೇ ಇದೆ. ನಾನು ಬಟ್ಟೆ ಹೊಲಿಯುವವಳು. ನಮ್ಮಲ್ಲಿ ಅರ್ಧ ಇಂಚು ಆಚೀಚೆ ಆದರೆ ಅದಕ್ಕೆ ಫ್ಯಾಷನ್ ಅನ್ನುತ್ತಾರೆ. ಹಾಗಾಗಿ ಮಾವನಿಗೂ ನನಗೂ ಯಾವತ್ತೂ ಜಟಾಪಟಿಯೇ.

ಇಷ್ಟೆಲ್ಲ ಬಿಂಕದ ಮನುಷ್ಯ ಊರವರ ಬೈಕೆಲ್ಲ ಕೊರೆದ. ಕಟ್ಟಿಕೊಂಡ ಹೆಂಡತಿಯ ಬೈಕನ್ನು ಮಾತ್ರ ಆರು ವರ್ಷ ಮುಟ್ಟಲಿಲ್ಲ.

ಅತ್ತೆಗೆ ಅದು ಅವಳಪ್ಪ ಕೊಟ್ಟ ಬೈಕು. ಅವಳು ಓಡಿಸಲು ಕಲಿತದ್ದೂ ಅದರಲ್ಲೇ. ಹೊಗೆ ಕಾರಿ ಕಾರಿ ನಿಂತ ಮೇಲೆ ಅದು ನಡುಮನೆಯ ಮೂಲೆಯಲ್ಲಿ ಹಳೇ ಬೆಡ್‌ಶೀಟು ಹೊದ್ದು ಮಲಗಿತ್ತು. ಕೇಳಿದಾಗಲೆಲ್ಲ ಮಾವ ಒಂದೊಂದು ನೆಪ ಹೇಳುತ್ತಿದ್ದ. ಒಮ್ಮೆ ಕೊರೆಯುವ ಮೆಷಿನ್ನಿನ ಬೆಲ್ಟು ಸವೆದಿದೆ, ಒಮ್ಮೆ ಬೆನ್ನು ಹಿಡಿದಿದೆ. ನಿಜ ಸಂಗತಿ ಬೇರೆ. ಆ ಸಿಲಿಂಡರನ್ನು ಈಗಾಗಲೇ ಎರಡು ಸಲ ಕೊರೆದಾಗಿತ್ತು. ಇನ್ನೊಂದೇ ಒಂದು ಸಲಕ್ಕೆ ಗೋಡೆಯಲ್ಲಿ ದಪ್ಪ ಉಳಿದಿತ್ತು. ಈ ಸಲ ಕೆಟ್ಟರೆ ಬೈಕಿನ ಕಥೆ ಮುಗಿಯಿತು. ಮಾವನಿಗೆ ಪುಕುಪುಕು.

ಅತ್ತೆಯ ಅಣ್ಣನಿಗೆ ಸೋಫಾ ಅಂಗಡಿ. ಹಿಂದಿನಿಂದ ನಾವೆಲ್ಲ ಅವನನ್ನು ಸೋಫಾ ಅಣ್ಣ ಅನ್ನುತ್ತೇವೆ. ಅಪ್ಪನ ಬೈಕನ್ನು ಅಂಗಡಿಯ ಗಾಜಿನ ಹಿಂದೆ, ಎರಡು ಸೋಫಾಗಳ ಮಧ್ಯೆ ನಿಲ್ಲಿಸಬೇಕು ಅಂತ ಅವನಿಗೆ ಬಹಳ ದಿನದ ಆಸೆ. ಒಂದು ದಿನ ಬಂದು ಅತ್ತೆಯ ಎದುರಿಗೇ ಹೇಳಿದ: "ನೋಡಮ್ಮ, ಮುಂದಿನ ಭಾನುವಾರದೊಳಗೆ ಇದು ಓಡಿದ್ರೆ ನಿಂದು. ಇಲ್ಲಾಂದ್ರೆ ಟೆಂಪೋ ತಂದು ಎತ್ಕೊಂಡು ಹೋಗ್ತೀನಿ. ಧೂಳು ತಿನ್ನೋಕೆ ಅಪ್ಪ ಇದನ್ನ ಕೊಡ್ಲಿಲ್ಲ."

ಅತ್ತೆ ಒಪ್ಪಿಕೊಂಡಳು. ಆಮೇಲೆ ಮಾವನ ಕಡೆ ತಿರುಗಿ, "ಕೇಳಿಸ್ತಾ?" ಅಂದಳು ಅಷ್ಟೇ. ಮಾವ ಅವತ್ತೇ ಹೋಗಿ ಪಿಸ್ಟನ್ ತಂದ.

ಮಾವನದೊಂದು ನಿಯಮವಿದೆ. ಅಳೆಯುವ ಮುಂಚೆ ಪಿಸ್ಟನ್ನೂ ಸಿಲಿಂಡರೂ ಒಂದು ರಾತ್ರಿ ಒಂದೇ ಮೇಜಿನ ಮೇಲೆ ಇರಬೇಕು. ಲೋಹ ಬೆಚ್ಚಗಾದರೆ ಹಿಗ್ಗುತ್ತದೆ, ಅಳತೆ ಸುಳ್ಳು ಹೇಳುತ್ತದೆ. "ಎರಡರ ಬಿಸಿಯೂ ಒಂದಾಗ್ಬೇಕು ಕಣ್ರೀ" ಎಂದು ಗಿರಾಕಿಗಳಿಗೆ ಪಾಠ ಹೇಳುತ್ತಾನೆ. ಶನಿವಾರ ಸಂಜೆ ಎರಡನ್ನೂ ಶೆಡ್ಡಿನ ಮೇಜಿನ ಮೇಲಿಟ್ಟು, ಮಕ್ಕಳನ್ನು ಮಲಗಿಸಿದವನ ಹಾಗೆ ಬಾಗಿಲೆಳೆದುಕೊಂಡು ಬಂದ.

ಭಾನುವಾರ ಬೆಳಿಗ್ಗೆ ಸೋಫಾ ಅಣ್ಣ ಟೆಂಪೋ, ಹಗ್ಗ ಎಲ್ಲ ತಂದೇ ಬಿಟ್ಟಿದ್ದ. ಮಾವ ಅವನ ಕಣ್ಣೆದುರೇ, ಒಂದು ಕೈಯಲ್ಲಿದ್ದ ಬಿಸಿ ಕಾಫಿ ಲೋಟ ಕೆಳಗಿಟ್ಟು ಪಿಸ್ಟನ್ ಅಳೆದ. ಮೆಷಿನ್ನಿನ ಮೈಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆದ. ಕೊರೆಯಲು ಶುರು ಮಾಡಿದ. ನಾನೂ ಅತ್ತೆಯೂ ಬಾಗಿಲಲ್ಲಿ ನಿಂತಿದ್ದೆವು. ಒಂದೂವರೆ ಗಂಟೆ ಕಬ್ಬಿಣದ ಪುಡಿ ಉದುರಿತು.

ಮೆಷಿನ್ ಕೊರೆದಾದ ಮೇಲೆ ಒಳಗೋಡೆಯನ್ನು ಕಲ್ಲಿನಿಂದ ಉಜ್ಜಿ ನಯ ಮಾಡಬೇಕು. ಅದಕ್ಕೆಂದೇ ಸ್ವಲ್ಪ ಲೋಹ ಬಿಟ್ಟಿರುತ್ತಾರೆ. ಹಾಗಾಗಿ ಉಜ್ಜುವ ಮುಂಚೆ ಪಿಸ್ಟನ್ ಒಳಗೆ ಹೋಗಬಾರದು, ಬಾಯಲ್ಲೇ ನಿಲ್ಲಬೇಕು. ಅದನ್ನು ತೋರಿಸಿ ಮೆರೆಯಬೇಕೆಂದು ಮಾವ ಪಿಸ್ಟನ್ನನ್ನು ಸಿಲಿಂಡರಿನ ಬಾಯಿಗಿಟ್ಟು ಕೈ ಬಿಟ್ಟ. ಅದು ಸರ್ರನೆ ಜಾರಿ ಅವನ ತೊಡೆಗೆ ಬಿತ್ತು.

ಮಾವನ ಮುಖ ಇಂಗು ತಿಂದ ಮಂಗನಂತಾಯಿತು. ಸೋಫಾ ಅಣ್ಣ ಸದ್ದಿಲ್ಲದೆ ಹಗ್ಗ ಬಿಚ್ಚತೊಡಗಿದ.

"ಇದನ್ನ ಯಾರಾದ್ರೂ ಮುಟ್ಟಿದ್ರಾ?" ಮಾವ ಪಿಸ್ಟನ್ ಎತ್ತಿ ಹಿಡಿದು ಕೇಳಿದ.

"ಮುಟ್ಟೋದೇನು, ತೊಳೆದೆ" ಅಂದಳು ಅತ್ತೆ. "ಮೈಯೆಲ್ಲ ಎಣ್ಣೆ ಜಿಡ್ಡು. ಅಪ್ಪನ ಬೈಕಿಗೆ ಹೋಗೋದಲ್ವಾ ಅಂತ ಬೆಳಿಗ್ಗೆ ಕುದಿಯೋ ನೀರಲ್ಲಿ ತೊಳೆದು, ಟವೆಲ್ಲಲ್ಲಿ ಸುತ್ತಿಟ್ಟಿದ್ದೆ. ನೀವು ಬರೋಕೆ ಮುಂಚೆ ತಾನೇ ಬಿಚ್ಚಿ ಇಟ್ಟಿದ್ದು."

ಬೆಚ್ಚಗಿನ ಪಿಸ್ಟನ್ ಎರಡು ಥೌ ಉಬ್ಬಿತ್ತು. ಬಿಸಿ ಲೋಟ ಹಿಡಿದಿದ್ದ ಕೈಗೆ ಅದು ತಿಳಿಯಲೇ ಇಲ್ಲ. ಈಗ ಅತ್ತೆಗೆ ಸಂಗತಿ ಹೊಳೆಯಿತು. ಸೆರಗು ಬಾಯಿಗಿಟ್ಟುಕೊಂಡು ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. ಮಾವ ಹೆಂಡತಿಯ ಮೇಲೆ ರೇಗುತ್ತಾನೆ ಅಂದುಕೊಂಡೆ.

"ತಪ್ಪು ನಂದೇ ಕಣೇ" ಅಂದ ಮಾವ. ನಲವತ್ತು ವರ್ಷದಲ್ಲಿ ಆ ಮಾತು ಯಾರೂ ಕೇಳಿರಲಿಲ್ಲ. "ನೀನು ಪ್ರೀತಿಯಿಂದ ತೊಳೆದೆ. ಅಳೆಯೋ ಮುಂಚೆ ಕೈಯಿಟ್ಟು ನೋಡ್ಬೇಕಾಗಿದ್ದು ನಾನು."

ಆಮೇಲೆ ತಣ್ಣಗಾಗಿದ್ದ ಪಿಸ್ಟನ್ನನ್ನು ಮತ್ತೆ ಅಳೆದ. ಸಿಲಿಂಡರನ್ನು ಮೂರು ಸಲ ಅಳೆದ. ಗೋಡೆ ಕಡೆ ತಿರುಗಿ ಏನೋ ಗೊಣಗಿದ.

"ಭಾವ, ಏನಂದ್ರಿ?" ಎಂದ ಸೋಫಾ ಅಣ್ಣ.

"ಉಜ್ಜೋಕೆ ಯಾವಾಗ್ಲೂ ಮೂರು ಥೌ ಬಿಡ್ತೀನಿ. ಇವತ್ತು ನಾಲ್ಕು ಬಿಟ್ಟಿದ್ದೆ."

"ಯಾಕೆ?"

"ಹೆದ್ರಿಕೆ ಆಗಿತ್ತು" ಎಂದ ಮಾವ, ಬೈಸಿಕೊಂಡವನಂತೆ. "ಎರಡು ಬಿಸಿನೀರಿಗೆ ಹೋಯ್ತು. ಇನ್ನೆರಡು ಇದೆ. ಓಡುವಾಗ ಪಿಸ್ಟನ್ ಹಿಗ್ಗೋಕೆ ಸಂದು ಬೇಕೇ ಬೇಕು, ಆ ಎರಡನ್ನ ಉಜ್ಜಿದ್ರೆ ಸರಿಹೋಗುತ್ತೆ."

ಅವನ ಪುಕ್ಕಲುತನವೇ ಬೈಕನ್ನು ಉಳಿಸಿತ್ತು. ಮಧ್ಯಾಹ್ನದವರೆಗೆ ಕಲ್ಲು ಉಜ್ಜಿದ, ಮೂರರ ಹೊತ್ತಿಗೆ ಎಂಜಿನ್ ಜೋಡಿಸಿದ. ನಾಲ್ಕನೇ ಒದೆತಕ್ಕೆ ಅದು ಗುಡುಗಿತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು. ಹೊಸ ಪಿಸ್ಟನ್ ಪಳಗಲು ಮೊದಲ ಐನೂರು ಮೈಲಿ ನಿಧಾನವಾಗಿ ಓಡಿಸಬೇಕು, ಹಿಂದೆ ಯಾರನ್ನೂ ಕೂರಿಸಬಾರದು. ಇದು ಮಾವನದೇ ಕಟ್ಟಪ್ಪಣೆ. ಹಾಗಾಗಿ ಅವನೂ ನಾನೂ ಟೆಂಪೋ ಹತ್ತಿ ಅವಳ ಹಿಂದೆ ಹೊರಟೆವು. ಮಾವ ಕತ್ತು ಹೊರಗೆ ಹಾಕಿ ಸದ್ದು ಆಲಿಸುತ್ತಿದ್ದ. ಸೈಕಲ್ಲುಗಳೆಲ್ಲ ನಮ್ಮನ್ನು ದಾಟಿ ಹೋದವು. ಸೋಫಾ ಅಣ್ಣ ತಾಳ್ಮೆಗೆಟ್ಟು ಹಾರ್ನ್ ಒತ್ತಲು ಹೋದರೆ ಮಾವ ಅವನ ಕೈ ಹಿಡಿದುಕೊಂಡ.

ಎಂಜಿನ್ ಆರಲೆಂದು ಅತ್ತೆ ಮರದ ನೆರಳಲ್ಲಿ ನಿಲ್ಲಿಸಿದಳು. ಸೋಫಾ ಅಣ್ಣ ಇಳಿದು ಹೋಗಿ ಟ್ಯಾಂಕಿನ ಮೇಲೆ ಕೈಯಾಡಿಸಿದ. ಅವನ ಕಣ್ಣು ತುಂಬಿತ್ತು.

"ಅಪ್ಪ ಬೀದಿ ತಿರುವಿಗೆ ಬಂದಾಗ ಇದೇ ಸದ್ದು ಕಣೇ" ಎಂದ. ಹ್ಯಾಂಡಲ್ ಹಿಡಿದು, "ಒಂದೇ ಒಂದು ರೌಂಡು ಕೊಡ್ತೀಯಾ?" ಎಂದ.

ಅತ್ತೆ ಮಾವನ ಮುಖ ನೋಡಿದಳು, ಅಣ್ಣನ ಹೊಟ್ಟೆ ನೋಡಿದಳು.

"ಐನೂರು ಮೈಲಿ ಆಗ್ಲಿ ಅಣ್ಣ. ಆಮೇಲೆ ಮೊದಲ ರೌಂಡು ನಿಂದೇ."

ಅವನು ತಂದ ಹಗ್ಗ ವಾಪಸು ಹೋಗಲಿಲ್ಲ. ಈಗ ಅದರ ಮೇಲೆ ಅತ್ತೆ ಬಟ್ಟೆ ಒಣಗಿಸುತ್ತಾಳೆ.