ಚೀಲದಿಂದ ತೆಗೆದಿಟ್ಟ ಗಂಟು

ಪರದೇಶದ ಬಂದರಿನಲ್ಲಿ ಇಳಿದು ಊರು ಸುತ್ತಲು ನಾವಿಕನಿಗೆ ಏನೇನು ಬೇಕೆಂದು ಕೇಳಿದರೆ ಈಗಲೂ ಒಂದೇ ಉಸಿರಿನಲ್ಲಿ ಹೇಳುತ್ತೇನೆ. ಸಾದಾ ಬಟ್ಟೆ ಎರಡು ಜೊತೆ, ಏಕೆಂದರೆ ಸಮವಸ್ತ್ರ ಹಡಗಿನಲ್ಲೇ ಉಳಿಯುತ್ತದೆ. ಚಪ್ಪಲಿಯಲ್ಲ, ಷೂ. ಕೈಯಲ್ಲಿ ಹಿಡಿಯುವಂಥ ಸಣ್ಣ ಚೀಲ. ಹಡಗಿನ ಹೆಸರು, ಅದು ನಿಂತ ಜಾಗ ಬರೆದ ಚೀಟಿ, ದಾರಿ ತಪ್ಪಿದರೆ ಯಾರಿಗಾದರೂ ತೋರಿಸಲು. ಎಲ್ಲಕ್ಕಿಂತ ಮೊದಲು ಗುರುತಿನ ಕಾರ್ಡು. ಇದನ್ನೆಲ್ಲ ನನಗೆ ಹೇಳಿಕೊಟ್ಟವರು ಹಡಗಿನಲ್ಲಿದ್ದ ಹಿರಿಯ ನಾವಿಕರೊಬ್ಬರು. ಆದರೆ ಪಾಠ ತಲೆಗೆ ಹತ್ತಿದ್ದು ಸಮುದ್ರದ ಮೇಲಲ್ಲ, ಬೀರೂರು ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನ ಮೊದಲ ಪರದೇಶ ಯಾನಕ್ಕೆ ಮುಂಚೆ ಸಿಕ್ಕ ರಜೆಯಲ್ಲಿ ಕಡೂರಿನ ಮನೆಗೆ ಬಂದಿದ್ದೆ. ಸ್ಟೇಷನ್ನಿನಿಂದ ಕೂಗಳತೆಯ ದೂರದಲ್ಲಿ ನಮ್ಮ ಮನೆ, ಹಿಂದೆ ನಾಲ್ಕಾರು ಸಾಲು ತೆಂಗು. ತರೀಕೆರೆಯಲ್ಲಿ ಅಕ್ಕನ ಮನೆ ಪಕ್ಕದ ದರ್ಜಿಯ ಹತ್ತಿರ ಎರಡು ಬೆಲ್‌ಬಾಟಂ ಪ್ಯಾಂಟು ಹೊಲಿಸಿಕೊಂಡಿದ್ದೆ. ಅದರ ಕಾಲಿನೊಳಗೆ ಒಂದು ಕೋಳಿ ಮರಿ ಸಮೇತ ಹೊಗಬಹುದು ಎಂದು ಅಕ್ಕ ನಕ್ಕಳು. ನನಗೆ ಮಾತ್ರ ಇಡೀ ಬಂದರೇ ನನ್ನ ಪ್ಯಾಂಟು ನೋಡಲು ನಿಂತಿರುತ್ತದೆ ಎಂಬ ಭ್ರಮೆ.

ಹೊರಡುವ ಹಿಂದಿನ ದಿನ ಸಂಜೆ ಎಲ್ಲವನ್ನೂ ಚಾಪೆಯ ಮೇಲೆ ಹರಡಿ, ಪಟ್ಟಿ ಬರೆದು, ಒಂದೊಂದಕ್ಕೂ ಗೀಟು ಹಾಕುತ್ತಾ ಕೂತೆ. ಮೊದಲ ಗೀಟು ಕಾರ್ಡಿಗೇ. ಅವ್ವ ಪಕ್ಕದಲ್ಲಿ ಕೂತು ಅದನ್ನು ಕೈಗೆ ತೆಗೆದುಕೊಂಡು ನನ್ನ ಫೋಟೋ ನೋಡಿದಳು.

“ಇದಿಲ್ದಿದ್ರೆ ಏನಾಯ್ತದೆ?”

“ಹಡಗು ಹತ್ತಕ್ಕೇ ಬಿಡಲ್ಲ ಕಣವ್ವ. ಗೊತ್ತಿಲ್ದ ದೇಶದಲ್ಲಿ ಬೀದಿ ಪಾಲಾಯ್ತೀನಿ ಅಷ್ಟೇ.”

ಸ್ವಲ್ಪ ಜಂಬಕ್ಕೆ, ಸ್ವಲ್ಪ ಹೆದರಿಸಲಿಕ್ಕೆ ಹೇಳಿದ್ದು. ಅವ್ವ ನಗಲಿಲ್ಲ. ನಮ್ಮ ಮನೆಗಳಲ್ಲಿ ಕಳೆಯಬಾರದ ವಸ್ತು ಯಾವುದೇ ಇರಲಿ, ಜಮೀನಿನ ಪತ್ರವಾಗಲಿ ಪರೀಕ್ಷೆಯ ಹಾಲ್ ಟಿಕೆಟ್ಟಾಗಲಿ, ಮುಖ್ಯ ಕೆಲಸಕ್ಕೆ ಹೊರಡುವ ಮುಂಚೆ ಅದನ್ನು ದೇವರ ಗೂಡಿನಲ್ಲಿಟ್ಟು ಮಠದಿಂದ ತಂದ ವಿಭೂತಿ ಮುಟ್ಟಿಸುತ್ತಾರೆ. ಅವ್ವ ಕಾರ್ಡನ್ನು ಎತ್ತಿಕೊಂಡು ಹೋಗಿ ಅಲ್ಲಿಟ್ಟಿದ್ದು ನನಗೆ ಗೊತ್ತಾಗಲಿಲ್ಲ. ನನ್ನ ಗಮನವೆಲ್ಲ ಷೂ ಪಾಲಿಷ್ ಮೇಲಿತ್ತು.

ಬೆಳಿಗ್ಗೆ ಸ್ನಾನ ಮಾಡಿ ಬಂದು ನೋಡುತ್ತೇನೆ, ಚೀಲ ಬಸುರಿಯ ಹಾಗೆ ಉಬ್ಬಿದೆ. ನನಗೆ ಎಲ್ಲಿತ್ತೋ ಸಿಟ್ಟು. ಒಂದೊಂದಾಗಿ ಹೊರಗೆ ತೆಗೆದೆ. ಚಟ್ನಿಪುಡಿ ಡಬ್ಬಿ, ಕೊಬ್ಬರಿ ಮಿಠಾಯಿ, ಹರಳೆಣ್ಣೆ ಸೀಸೆ, ಕೊನೆಗೆ ಒಂದು ಕರಿ ಕಂಬಳಿ! ಸುಡುಬಿಸಿಲಿನ ದೇಶಕ್ಕೆ ಕಂಬಳಿ.

“ನಂದೇ ಒಂದು ಲೆಕ್ಕ ಐತೆ, ನಿಂದೇ ಒಂದು ಲೆಕ್ಕ. ಇದೇನು ಹಡಗಾ, ಎತ್ತಿನ ಗಾಡಿಯಾ?” ಎಂದು ಕೋಣೆಯಿಂದಲೇ ಕೂಗಾಡಿದೆ.

ಅಡಿಗೆಮನೆಯಲ್ಲಿ ದಾರಿಬುತ್ತಿಗೆ ರೊಟ್ಟಿ ತಟ್ಟುತ್ತಿದ್ದ ಅವ್ವ ಅಲ್ಲಿಂದಲೇ ಹೇಳಿದಳು, “ಎಲ್ಲಾ ತೆಗ್ದಾಕು, ಆ ಬಿಳಿ ಗಂಟೊಂದು ಇರ್ಲಿ ಕಣೋ. ಅದ್ರಲ್ಲಿ...”

“ಅದ್ರಲ್ಲಿ ಏನಾರ ಇರ್ಲಿ, ಬ್ಯಾಡ!”

ವಿಭೂತಿಯ ವಾಸನೆ ಬರುತ್ತಿದ್ದ ಆ ಪುಟ್ಟ ಗಂಟನ್ನು ಕಿಟಕಿಯಲ್ಲಿ ಕುಕ್ಕಿದೆ. ಅವ್ವ ರೊಟ್ಟಿ ತಟ್ಟುವುದನ್ನು ಮುಂದುವರಿಸಿದಳು. ನಾನು ಸಿಟ್ಟಿನಲ್ಲಿ ಹಾಗೆಂದರೂ ಗಂಟನ್ನು ಇಟ್ಟುಕೊಂಡಿರುತ್ತೇನೆ ಎಂದುಕೊಂಡಳಂತೆ. ಸ್ಟೇಷನ್ನಿನ ಗಂಟೆ ಕೇಳಿತು. ಬುತ್ತಿ ಇಸಿದುಕೊಂಡು, ಅವಸರದಲ್ಲಿ ಅವಳ ಕಾಲು ಮುಟ್ಟಿದಂತೆ ಮಾಡಿ ಓಡಿದೆ.

ರೈಲು ಕಡೂರು ಬಿಟ್ಟ ಮೇಲೆ ಅಭ್ಯಾಸಬಲದಿಂದ ಜೇಬು ಮುಟ್ಟಿ ನೋಡಿಕೊಂಡೆ. ಕಾರ್ಡಿಲ್ಲ. ಚೀಲವನ್ನು ಸೀಟಿನ ಮೇಲೆ ಬೋರಲು ಹಾಕಿದೆ. ಬೆಲ್‌ಬಾಟಂ ಕೊಡವಿದೆ, ಷೂ ಒಳಗೆ ಕೈ ಹಾಕಿದೆ, ರೊಟ್ಟಿಯ ಗಂಟನ್ನೂ ಬಿಚ್ಚಿದೆ. ಎದುರಿಗೆ ಕೂತಿದ್ದ ಮುದುಕರೊಬ್ಬರು “ಏನ್ ಕಳ್ಕಂಡ್ಯಪ್ಪಾ?” ಎಂದರು. ಪಟ್ಟಿ ತೆಗೆದು ನೋಡಿದೆ. ಗೀಟು ಮಾತ್ರ ಇತ್ತು.

ಬೀರೂರಿನಲ್ಲಿ ಚೀಲ ಸಮೇತ ಇಳಿದೆ. ಮನೆಗೆ ವಾಪಸ್ಸು ಹೋದರೆ, ಮುಂದಿನ ಗಾಡಿ ಹಿಡಿದು ಬೊಂಬಾಯಿ ತಲುಪುವ ಹೊತ್ತಿಗೆ ಹಡಗು ಹೊರಟುಹೋಗಿರುತ್ತದೆ. ಹೀಗೇ ಮುಂದೆ ಹೋದರೆ ಬಂದರಿನ ಗೇಟಿನಲ್ಲೇ ತಡೆಯುತ್ತಾರೆ. ಒಂದು ಕಡೆ ಶಿಕ್ಷೆ, ಇನ್ನೊಂದು ಕಡೆ ಅವಮಾನ, ಎರಡು ಕಡೆಯೂ ಕೈಬಿಟ್ಟುಹೋಗುವ ಮೊದಲ ಯಾನ. ತರೀಕೆರೆ ಕಡೆಯಿಂದ ಬರುವ ಗಾಡಿ ತಡವಾಗಿತ್ತು. ಅದರಲ್ಲಿ ಬರುವವರಿಗಾಗಿ ನಮ್ಮ ಗಾಡಿ ಕಾಯುತ್ತಿತ್ತು. ಅದೂ ಬಂದು ನಿಂತಿತು. ಜನ ಅದರಿಂದ ಇಳಿದು ಇದಕ್ಕೆ ಹತ್ತತೊಡಗಿದರು. ನನ್ನ ಕಾಲು ಅತ್ತಲೂ ಹೋಗಲಿಲ್ಲ, ಇತ್ತಲೂ ಹೋಗಲಿಲ್ಲ. ಅಳು ಬಂತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಿಲ್ಲ.

ಆಗ ಜನರ ನಡುವೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬರಿಗಾಲಲ್ಲಿ ಅವ್ವ ಬರುವುದು ಕಂಡಿತು. ಒಂದೊಂದು ಕಿಟಕಿಯಲ್ಲೂ ಇಣುಕಿ ನೋಡುತ್ತಾ ಬರುತ್ತಿದ್ದಳು. ಕೈಯಲ್ಲಿ ಆ ಬಿಳಿ ಗಂಟು.

“ಅವ್ವಾ!”

ಅವಳು ಏದುಸಿರು ಬಿಡುತ್ತಲೇ ಗಂಟು ಬಿಚ್ಚಿದಳು. ವಿಭೂತಿಯ ಗಟ್ಟಿಯ ಪಕ್ಕದಲ್ಲಿ ನನ್ನ ಕಾರ್ಡು. ಕಿಟಕಿಯಲ್ಲಿ ಗಂಟು ಕಂಡ ಕೂಡಲೇ ಸ್ಟೇಷನ್ನಿಗೆ ಓಡಿದಳಂತೆ. ಗಾಡಿ ಹೋಗಿತ್ತು. ರಸ್ತೆಯ ಮಧ್ಯೆ ಎರಡೂ ಕೈ ಚಾಚಿ ನಿಂತು ತೆಂಗಿನಕಾಯಿ ಲಾರಿಯೊಂದನ್ನು ನಿಲ್ಲಿಸಿದಳಂತೆ. ಬಸ್ಸು ಹತ್ತಲೂ ಜೊತೆಗೊಬ್ಬರು ಬೇಕೆನ್ನುವ ಹೆಂಗಸು ಡ್ರೈವರ್ ಪಕ್ಕದಲ್ಲಿ ಕೂತು ಬಂದಿದ್ದಳು.

ಕಾರ್ಡನ್ನು ಕಿತ್ತುಕೊಂಡು ಜೇಬಿಗಿಟ್ಟೆ. ಅವಳು ನನ್ನ ಮುಖ ನೋಡಿ ಹೇಳಿದಳು, “ತಪ್ಪು ನಂದೇ ಕಣಪ್ಪಾ. ಇನ್ಮೇಲೆ ನಿನ್ನ ಚೀಲ ಮುಟ್ಟಲ್ಲ. ಬೈಬ್ಯಾಡ.”

ಗಾಡಿ ಸಿಳ್ಳೆ ಹಾಕಿತು. ಈ ಸಲ ಕಾಲು ಮುಟ್ಟಿದಂತೆ ಮಾಡಲಿಲ್ಲ, ಹಣೆ ತಾಗಿಸಿಯೇ ಎದ್ದೆ. ಆದರೆ ಹೇಳಬೇಕಾದ ಮಾತು ಹೇಳುವ ಮುಂಚೆಯೇ ಗಾಡಿ ಅಲುಗಿತು. ಅವಳೇ ನನ್ನನ್ನು ದಬ್ಬಿ ಹತ್ತಿಸಿದಳು.

ಎತ್ತು ನೋಡಲು ಅಜ್ಜಂಪುರಕ್ಕೆ ಹೋಗಿದ್ದ ಅಪ್ಪ, ಹೇಳಿದ್ದಂತೆಯೇ ಅಲ್ಲಿನ ಸ್ಟೇಷನ್ನಿನಲ್ಲಿ ನನಗಾಗಿ ಕಾಯುತ್ತಾ ನಿಂತಿದ್ದ.

“ಎಲ್ಲಾ ತಗಂಡ್ಯಾ? ನಿಮ್ಮವ್ವ ಏನೇನೋ ತುರುಕಿರ್ತಾಳೆ. ಚೀಲ ಭಾರ ಆಯ್ತೇನೋ?”

“ಇಲ್ಲ ಕಣಪ್ಪಾ, ಕಮ್ಮಿನೇ ಆಯ್ತು” ಎಂದು ನಕ್ಕೆ. ಅಪ್ಪನಿಗೆ ಏನೂ ಅರ್ಥವಾಗಲಿಲ್ಲ.

ಆಫ್ರಿಕಾದ ಒಂದು ಬಂದರಿನಲ್ಲಿ ಊರು ಸುತ್ತಿ ವಾಪಸ್ಸು ಬಂದಾಗ, ಗೇಟಿನ ಕಾವಲುಗಾರ ನನ್ನ ಕಾರ್ಡು ಹಿಡಿದು ತಿರುಗಿಸಿ ನೋಡಿದ. ಅವನ ಹೆಬ್ಬೆರಳಿಗೆ ಬೆಳ್ಳಗೆ ಅಂಟಿತು. ಪ್ಯಾಂಟಿಗೆ ಒರೆಸಿಕೊಂಡು, ಹೋಗು ಎಂದು ಕೈ ಮಾಡಿದ. ನನ್ನ ಬೆಲ್‌ಬಾಟಂ ಕಡೆ ಅವನು ಕಣ್ಣೆತ್ತಿಯೂ ನೋಡಲಿಲ್ಲ.

ಮುಂದಿನ ರಜೆ ಮುಗಿದು ಹೊರಡುವ ಹಿಂದಿನ ದಿನ, ಪಟ್ಟಿ ಬರೆಯಲಿಲ್ಲ. ಖಾಲಿ ಚೀಲವನ್ನು ಅವ್ವನ ಮುಂದಿಟ್ಟೆ. ಅವಳು ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. “ಬ್ಯಾಡಪ್ಪಾ, ನೀನೇ ತುಂಬ್ಕೋ.” ವರ್ಷವಾದರೂ ಅವಳು ಬೀರೂರಿನಲ್ಲಿ ಕೊಟ್ಟ ಮಾತು ಮರೆತಿರಲಿಲ್ಲ. ನಾನು ಜೇಬಿನಿಂದ ಕಾರ್ಡು ತೆಗೆದು ಅವಳ ಕೈಯಲ್ಲಿಟ್ಟು, “ತಪ್ಪು ನಂದು ಕಣವ್ವ. ಗೂಡಲ್ಲಿಡು” ಎಂದೆ.

ಆ ಸಲ ಕಂಬಳಿಯನ್ನೂ ಹೊತ್ತುಕೊಂಡು ಹೋದೆ.