ಭೂಮಿ ಬಿಡಿಸುತ್ತಿದ್ದ ಹೂಗಾರ ಅವರು

ಹೂಗಾರ ಅವರ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಅಂಗುಲ ಬೆಳೆದಿರುತ್ತಿತ್ತು. ಉಳಿದ ಒಂಬತ್ತನ್ನೂ ಚೊಕ್ಕಟವಾಗಿ ಕತ್ತರಿಸಿಕೊಂಡಿರುತ್ತಿದ್ದರು. ಅದು ಅವರ ಕಸುಬಿನ ಉಗುರು. ಕೆಳಗಿನಿಂದ ಟ್ಯೂಬ್‌ಲೈಟ್ ಉರಿಯುವ ಗಾಜಿನ ಮೇಜಿನ ಮೇಲೆ ಪಾರದರ್ಶಕ ಹಾಳೆ ಹಾಸಿ, ಅದರ ಮೇಲೆ ಸಣ್ಣ ಕಪ್ಪು ಟೇಪು ಎಳೆದು, ತಿರುವು ಬಂದಲ್ಲಿ ಆ ಉಗುರಿನಿಂದ ಒತ್ತಿ ಕೂರಿಸುತ್ತಿದ್ದರು. ಆ ಗೆರೆಗಳ ಫೋಟೊ ತೆಗೆದು ಚಿಕ್ಕದು ಮಾಡಿದರೆ, ಅವೇ ಸರ್ಕ್ಯೂಟ್ ಬೋರ್ಡಿನ ತಾಮ್ರದ ದಾರಿಗಳು. ಎಪ್ಪತ್ತರ ದಶಕದ ಕೊನೆಯಲ್ಲಿ, ಯಶವಂತಪುರದ ನಮ್ಮ ಸಣ್ಣ ಕಾರ್ಖಾನೆಯಲ್ಲಿ ಎಲ್ಲ ಬೋರ್ಡುಗಳೂ ಹುಟ್ಟುತ್ತಿದ್ದುದು ಅವರ ಕೈಯಲ್ಲೇ.

ನಾನು ಟೆಸ್ಟಿಂಗ್ ವಿಭಾಗದಲ್ಲಿದ್ದೆ. ಅವರ ಪಕ್ಕದ ಮೇಜು ನನ್ನದು. ಗದಗದ ಕಡೆಯವರು, ಐವತ್ತು ದಾಟಿದವರು. ಹೆಂಡತಿ ತೀರಿಕೊಂಡ ಮೇಲೆ ಗಂಗಾನಗರದ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ವರ್ಷಗಟ್ಟಲೆ ಬೆಳಕಿನ ಮೇಲೆ ಬಗ್ಗಿ ಬಗ್ಗಿ ಅವರ ಕಣ್ಣಲ್ಲಿ ಸದಾ ನೀರು. ಹೊಸಬರು ಅಳುತ್ತಿದ್ದಾರೆಂದೇ ತಿಳಿಯುತ್ತಿದ್ದರು.

ನಾವೆಲ್ಲ ಗ್ರೌಂಡ್ ಎನ್ನುತ್ತಿದ್ದುದನ್ನು ಅವರು ಭೂಮಿ ಎನ್ನುತ್ತಿದ್ದರು. ಅದಕ್ಕೆಂದು ಬೋರ್ಡಿನ ಒಂದು ಬದಿಯ ತಾಮ್ರವನ್ನು ಆದಷ್ಟೂ ಕೊರೆಯದೆ ಅಗಲವಾಗಿ ಉಳಿಸುವುದು ಅವರ ಹಟ. "ನೋಡವಾ ತಂಗಿ, ಕರೆಂಟಿಗೆ ಹೋಗಾಕ ದಾರಿ ಕೊಟ್ರ ಸಾಲದು. ತಿರುಗಿ ಮನಿಗೆ ಬರಾಕೂ ದಾರಿ ಬೇಕು" ಎನ್ನುತ್ತಿದ್ದರು. ಒಮ್ಮೆ ಒಬ್ಬ ಇಂಜಿನಿಯರ್ ಆ ತಾಮ್ರದ ನಟ್ಟನಡುವೆ ಕಂಪನಿಯ ಹೆಸರು ಕೊರೆಯಲು ಹೇಳಿದಾಗ, "ಭೂಮಿ ಸೀಳಿ ಹೆಸರು ಬರಸ್ಕೊಂಡವರು ಬಾಳ ಮಂದಿ ಆಗಿಹೋದ್ರು" ಎಂದು ತಲೆಯೆತ್ತದೆ ಟೇಪು ಎಳೆದರು. ಹೆಸರು ಮೂಲೆಗೆ ಹೋಯಿತು.

ಅವಧಿಗೆ ಮುನ್ನ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಬೋರ್ಡು ಬಂದದ್ದು ಆಗಲೇ. ಮಗುವಿನ ಮೈಬಿಸಿ ಅಳೆಯುವ ತಂತಿ ಬೋರ್ಡಿನ ಮೇಲ್ಬದಿಗೆ ಬರುತ್ತಿತ್ತು, ಭೂಮಿ ಕೆಳಬದಿಯಲ್ಲಿತ್ತು. ಎರಡನ್ನೂ ಕೂಡಿಸಲು ತೂತು ಕೊರೆದು, ಚೂರು ತಂತಿ ತೂರಿಸಿ, ಎರಡೂ ಕಡೆ ಬೆಸೆಯಬೇಕು. ಹೂಗಾರ ಅವರು ಅಂಥ ಆರು ತೂತು ಇಟ್ಟಿದ್ದರು. ಪ್ರೊಡಕ್ಷನ್ ಮ್ಯಾನೇಜರ್ ಬಂದು ಹಾಳೆ ನೋಡಿದರು.

"ಏನ್ರೀ ಹೂಗಾರ್, ಒಂದೇ ಕನೆಕ್ಷನ್‌ಗೆ ಆರು ತೂತಾ? ಕೂತು ಬೆಸೆಯೋಕೆ ಟೈಮ್ ಎಲ್ಲಿದೆ? ಒಂದ್ ಸಾಕು, ಮಿಕ್ಕಿದ್ದು ತೆಗೀರಿ."

"ಒಂದು ಬಿಟ್ಟರ ಇನ್ನೊಂದು ಹಿಡೀತೈತಿ ಸಾಹೇಬ್ರ. ಒಳಗ ಕೂಸು ಇರ್ತೈತಿ."

"ತೆಗೀರಿ ಅಂದೆ ಕಣ್ರೀ."

ಅವರು ಬ್ಲೇಡಿನಿಂದ ಐದು ಕಪ್ಪು ಚುಕ್ಕೆಗಳನ್ನು ಒಂದೊಂದಾಗಿ ಕೆರೆದು ತೆಗೆದು ಸಹಿ ಹಾಕಿದರು. ನಾನು ಎರಡು ಮಾರು ದೂರದಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡೆ.

ವರ್ಷ ತುಂಬುವುದರೊಳಗೆ ಒಂದು ಪೆಟ್ಟಿಗೆ ಆಸ್ಪತ್ರೆಯಿಂದ ವಾಪಸು ಬಂತು. ಅದರಲ್ಲಿದ್ದ ನಾಲ್ಕು ದಿನದ ಮಗು ಬದುಕಿರಲಿಲ್ಲ. ಬೋರ್ಡು ಬಿಚ್ಚಿದವಳು ನಾನೇ. ಭೂತಗನ್ನಡಿಯಲ್ಲಿ ನೋಡಿದರೆ ಆ ಒಂದೇ ತೂತಿನ ಬೆಸುಗೆಯ ಸುತ್ತ ಕೂದಲೆಳೆಯಷ್ಟು ಬಿರುಕು. ದಾರಿ ಕಡಿದಿದ್ದರಿಂದ ಯಂತ್ರ ಮಗುವಿನ ಮೈ ತಣ್ಣಗಿದೆ ಎಂದೇ ತಿಳಿದು, ಶಾಖ ಏರಿಸುತ್ತಲೇ ಹೋಗಿತ್ತು.

ಮಾಲೀಕರು ಮ್ಯಾನೇಜರನ್ನೂ ಹೂಗಾರ ಅವರನ್ನೂ ನನ್ನನ್ನೂ ಕರೆಸಿದರು. "ಡ್ರಾಯಿಂಗ್‌ನಲ್ಲಿ ಇರೋದೇ ಒಂದು ತೂತು ಸಾರ್. ಸೈನ್ ಹೂಗಾರ್ ಅವರ್ದು" ಎಂದರು ಮ್ಯಾನೇಜರ್. ಮಾಲೀಕರು ನನ್ನ ಕಡೆ ತಿರುಗಿ, "ನಿಮಗೇನಾದ್ರೂ ಗೊತ್ತೇನಮ್ಮ?" ಎಂದು ಕೇಳಿದರು. ಅಪ್ಪ ಹಾಸಿಗೆ ಹಿಡಿದಿದ್ದರು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ.

"ಗೊತ್ತಿಲ್ಲ ಸಾರ್" ಎಂದೆ.

ಹೂಗಾರ ಅವರು ನನ್ನನ್ನು ಒಮ್ಮೆ ನೋಡಿದರು. ಆಮೇಲೆ, "ಗೆರಿ ನಂದು, ಸಹಿ ನಂದು" ಎಂದಷ್ಟೇ ಹೇಳಿದರು. ಅಂದೇ ಕೆಲಸ ಬಿಟ್ಟು ಹೋದರು.

ಎರಡು ವರ್ಷದ ಮೇಲೆ, ಒಂದು ಮಧ್ಯಾಹ್ನ ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಸಿಕ್ಕರು. ಲಾರಿಗಳಿಗೆ ನಂಬರ್ ಪ್ಲೇಟ್ ಬರೆಯುತ್ತಿದ್ದರಂತೆ. ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು: "ಕೋಗಿಲು ಅನ್ನೋ ಹಳ್ಳಿಗೆ ಹೋಗಿದ್ನವಾ. ಆ ಕೂಸಿನ ತಾಯಿ ಮನಿ ಅಲ್ಲೈತಿ. ಬೋರ್ಡ್ ಬರದಾಂವ ನಾನ ಅಂತ ಹೇಳಿದೆ."

"ಏನಂದ್ರು ಸಾರ್?"

"ಬೋರ್ಡ್ ಅಂದ್ರ ಏನಂತ ಆಕೀಗೆ ತಿಳೀಲಿಲ್ಲ. ಆಸ್ಪತ್ರಿಯವರು ಯಾರೋ ಅನ್ಕೊಂಡ್ಳು. 'ಇಂಗ್ ಕುಂತ್ಕಳಿ ಸಾಮಿ, ಬಿಸ್ಲಾಗ್ ಬಂದಿದೀರಾ' ಅಂತ ಮಜ್ಜಿಗಿ ಕೊಟ್ಲು. ಕುಡುದೆ." ಬಸ್ಸು ಬರುವ ದಿಕ್ಕಿಗೆ ನೋಡುತ್ತ, "ಬೈದಿದ್ರ ಛಲೋ ಇತ್ತು" ಎಂದರು.

"ಸಾರ್, ಅವತ್ತು ನಾನು..."

"ಬ್ಯಾಡ ಬಿಡವಾ. ನಿನಗ ಮನ್ಯಾಗ ಮಂದಿ ಇದ್ರು." ಬಸ್ಸು ಬಂತು, ಹತ್ತಿ ಹೋದರು.

ಅಪ್ಪ ತೀರಿಕೊಂಡ ಮೇಲೆ, ಆರು ತೂತಿನ ಸಂಗತಿಯನ್ನೆಲ್ಲ ಮಾಲೀಕರಿಗೆ ಪತ್ರವಾಗಿ ಬರೆದೆ. ಮೊದಲು ಹೂಗಾರ ಅವರಿಗೆ ತೋರಿಸೋಣವೆಂದು ಗಂಗಾನಗರಕ್ಕೆ ಹೋದರೆ, ಅವರ ಕೋಣೆಯ ಮುಂದೆ ಬೇರೆ ಯಾರದೋ ಬಟ್ಟೆ ಒಣಗುತ್ತಿತ್ತು. "ತೀರ್ಹೋದ್ರು ಕಣಮ್ಮ, ಮೂರು ತಿಂಗ್ಳಾಯ್ತು" ಎಂದರು ಮನೆಯೊಡತಿ. "ನೀವೇನಾಗ್ಬೇಕು ಅವ್ರಿಗೆ?"

ಜೊತೆಗೆ ಕೆಲಸ ಮಾಡುತ್ತಿದ್ದೆವು ಎಂದೆ.

ಮರುದಿನ ಪತ್ರವನ್ನು ಮಾಲೀಕರ ಕೈಗೆ ಕೊಟ್ಟೆ. ಅವರು ಕೊನೆಯವರೆಗೂ ಓದಿದರು. ಆಮೇಲೆ ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ನನ್ನ ಕಡೆ ಸರಿಸಿ, "ಈಗ್ಯಾಕಮ್ಮ ಇದು?" ಎಂದು ಕೇಳಿದರು.