ಬಂಗಾರಿಯ ಉಪವಾಸ

ಆಗೆಲ್ಲ ಅವರೆಕಾಯಿ ಬಂತೆಂದರೆ ಗಿರಿನಗರದ ನಮ್ಮ ಮನೆಯಲ್ಲಿ ಬೇರೆ ತರಕಾರಿಗೆ ಜಾಗವೇ ಇರುತ್ತಿರಲಿಲ್ಲ. ಅದರ ಸೊಗಡು ನನ್ನ ಸ್ಕೂಲ್ ಬ್ಯಾಗಿಗೂ ಅಂಟಿಕೊಂಡಿರುತ್ತಿತ್ತು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷ, ಅಂಥ ದಿನಗಳಲ್ಲೇ ನನ್ನ ಗೋಲ್ಡ್‌ಫಿಶ್ ಬಂಗಾರಿ ಕಾಯಿಲೆ ಬಿದ್ದದ್ದು.

ಬೆಳಿಗ್ಗೆ ಎದ್ದು ನೋಡಿದರೆ ಗಾಜಿನ ತೊಟ್ಟಿಯಲ್ಲಿ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿತ್ತು. ಕಿವಿರು ಮಾತ್ರ ಆಡುತ್ತಿತ್ತು. ನಾನು ಅತ್ತಿದ್ದೇ ಅತ್ತಿದ್ದು. ಅಪ್ಪ ತಲೆ ಸವರಿ, "ಬಿಡು ಪುಟ್ಟಿ, ಜಯನಗರದಿಂದ ಇನ್ನೊಂದು ತರೋಣ" ಎಂದರು. ನನಗೆ ಇನ್ನೊಂದು ಬೇಡವಾಗಿತ್ತು, ಬಂಗಾರಿಯೇ ಬೇಕಿತ್ತು.

ಅಜ್ಜಿ ಮಾತ್ರ ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂತಳು. ಇಲ್ಲಿ ಸೈಟುಗಳಾಗುವ ಮೊದಲು ಇದೇ ಸುತ್ತಮುತ್ತ ರಾಗಿ ಬೆಳೆದು, ಹಸು ಕಟ್ಟಿದ್ದವಳು. ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದಳು.

"ಸಗಣಿ ಹಾಕ್ತಾ ಇದು?"

"ಮೀನು ಸಗಣಿ ಹಾಕುತ್ತಾ ಅಜ್ಜಿ?" ಅಳುವಿನ ನಡುವೆಯೂ ನನಗೆ ನಗು ಬಂತು.

"ತಿಂದಿದ್ದು ಎಲ್ಗೋಯ್ತದೆ ಮತ್ತೆ? ಹೊಟ್ಟೆ ನೋಡು, ಹೆಂಗ್ ಉಬ್ಬೈತೆ. ಯಾರ್ಯಾರು ಏನೇನ್ ಹಾಕಿದ್ರಿ, ಹೇಳಿ."

ಒಬ್ಬೊಬ್ಬರೇ ಒಪ್ಪಿಕೊಂಡೆವು. ಬಂಗಾರಿ ಗಾಜಿನ ಹತ್ತಿರ ಬಂದು ಬಾಯಿ ಬಿಟ್ಟಾಗಲೆಲ್ಲ ಪಾಪ, ಹಸಿವೇನೋ ಎಂದು ನಾನು ಸ್ಕೂಲಿಗೆ ಹೋಗುವ ಮುನ್ನ ಮೀನಿನ ಕಾಳು ಹಾಕುತ್ತಿದ್ದೆ. ಮಧ್ಯಾಹ್ನ ಅಮ್ಮ, ಆಫೀಸಿನಿಂದ ಬಂದು ಅಪ್ಪ. ಕೊನೆಗೆ ಅಜ್ಜಿ, "ನಾನೂ ದಿನಾ ಒಂಚೂರು ಕಡ್ಲೆಪುರಿ ಹಾಕ್ತಿದ್ದೆ ಕಣವ್ವ" ಎಂದಳು.

ಅಪ್ಪ ಬಂಗಾರಿಯನ್ನು ತಂದಿದ್ದ ಅಂಗಡಿಗೆ ಫೋನ್ ಮಾಡಿ, ಹೊಟ್ಟೆ ಕಟ್ಟಿದೆಯಂತೆ ಎಂದರು. "ತಿನ್ಸಿದ್ದು ಜಾಸ್ತಿ ಆಗಿದೆ ಸಾರ್. ಸ್ವಲ್ಪ ನೀರು ಬದ್ಲಾಯ್ಸಿ, ಮೂರು ದಿನ ಊಟ ಬಂದ್ ಮಾಡಿ. ಆಮೇಲೆ ಹಸಿ ಬಟಾಣಿ ಬೇಯ್ಸಿ, ಸಿಪ್ಪೆ ತೆಗ್ದು ಒಂಚೂರು ಕೊಡಿ. ಹೊಟ್ಟೆ ಕಟ್ಟಿದೆ ಅಂತ ಹೇಳಿದ್ಯಾರು, ಡಾಕ್ಟ್ರಾ?" ಎಂದನಂತೆ ಅಂಗಡಿಯವನು.

ಆ ಮೂರು ದಿನ ಯಾರನ್ನೂ ನಂಬದೆ ಅಜ್ಜಿ ತೊಟ್ಟಿಯ ಪಕ್ಕದಲ್ಲೇ ನೆನೆಸಿದ ಅವರೆಕಾಳು ಹಿತುಕುತ್ತ ಕಾವಲು ಕೂತಳು. ನಾಲ್ಕನೆಯ ದಿನ ಅದೇ ಬೆರಳುಗಳಲ್ಲಿ ಬೆಂದ ಬಟಾಣಿಯನ್ನು ಪುಳಕ್ಕನೆ ಹಿತುಕಿ, ಚೂರು ಮಾಡಿ, ಬಂಗಾರಿಯ ಬಾಯಿಯ ಹತ್ತಿರವೇ ಬಿಟ್ಟಳು. ಮೊದಲ ಚೂರು ಮುಳುಗಿಹೋಯಿತು. ಎರಡನೆಯದೂ. ನಾನು ಕಣ್ಣು ಮುಚ್ಚಿಕೊಂಡೆ. ಮೂರನೆಯದನ್ನು ಅದು ನುಂಗಿತು.

ಮರುದಿನ ಬಾಲದ ಹಿಂದೆ ಹಸಿರು ದಾರವೊಂದು ನೇತಾಡುತ್ತಿತ್ತು. "ಹಾಕ್ತು, ಹಾಕ್ತು!" ಎಂದು ಅಜ್ಜಿ ಕೂಗಿದ ರಭಸಕ್ಕೆ ಅಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಳು. ಸಂಜೆಯ ಹೊತ್ತಿಗೆ ಬಂಗಾರಿ ನೆಟ್ಟಗೆ ಈಜುತ್ತಿತ್ತು.

ಅಜ್ಜಿ ಈಗಿಲ್ಲ. ನಮ್ಮಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಒಳ್ಳೆಯ ಡಾಕ್ಟರಿದ್ದಾರೆ, ರಿಪೋರ್ಟು ಫೋನಿಗೇ ಬರುತ್ತದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬೆರಳುದ್ದದ ಒಂದು ಜೀವಕ್ಕಾಗಿ ದಿನಗಟ್ಟಲೆ ಕೂತು ನೋಡುವಂಥವರು ಈಗ ಮನೆಯಲ್ಲಿ ಯಾರೂ ಇಲ್ಲ, ನಾನೂ ಸೇರಿದಂತೆ. ನನ್ನ ಬಾಲ್ಯದ ಒಂದೊಂದು ಜ್ವರದ ಪಕ್ಕದಲ್ಲೂ ಅಂಥವಳೊಬ್ಬಳು ಕೂತಿದ್ದಳು. ಅದು ನನ್ನ ಪುಣ್ಯ.